ಹದಿನೇಳು ಐವತ್ತು

ಐದು ವರ್ಷದ ಭಿಶಿ ಎತ್ತಿ
ಮುಂಬಯಿ ನೋಡಲು ಹೊರಟವರು ನಾವು ನಾಲ್ವರು, ಮುಂಡಗೋಡದಿಂದ:
ಟೇಲರ್ ಗೌಸಮೋದ್ದೀನ, ಮೈನಳ್ಳಿಯ ಬಸ್ತ್ಯಾಂವ್ ಸಿದ್ದಿ,
ಹಿಂಡಿ ಅಂಗಡಿಯ ಚೆನ್ನವೀರ, ಮತ್ತೆ
ಪಂಕ್ಚರ್ ತೆಗೆಯುವ ನಾನು.
ಹೊಸ ಚಪ್ಪಲಿ ನಾಲ್ಕು ಜೊತೆ, ಒಂದೇ ಅಂಗಡಿಯವು, ಒಂದೇ ನಮೂನೆ
(ಅದರ ಫಜೀತಿ ಆಮೇಲೆ).

ಕಾರವಾರದ ಸ್ಟೇಷನ್ನಿಗೆ ಮಧ್ಯಾಹ್ನವೇ ಮುಟ್ಟಿದೆವು.
ಟಿಕೆಟ್ ಓದಿದವ ಚೆನ್ನವೀರ, ಲೆಕ್ಕದ ಮನುಷ್ಯ:
"ಹದಿನೇಳು ಐವತ್ತು. ಮುಂದಿನ ಒಂದು ತಗೀರಿ, ಏಳು ಐವತ್ತು.
ರಗಡ ವ್ಯಾಳ್ಯಾ ಐತಿ, ಚಾ ಕುಡಿಯೂಣು."
ಚಾ ಕುಡಿದೆವು. ಬುತ್ತಿ ಬಿಚ್ಚಿದೆವು. ಒಂದು ರೈಲು ಬಂತು,
ನಿಂತಿತು, ಹೋಯಿತು.
ನಾವು ಅದಕ್ಕೆ ಟಾಟಾ ಮಾಡಿದೆವು.
ಕಿಟಕಿಯ ಕೂಸೊಂದು ತಿರುಗಿ ಟಾಟಾ ಮಾಡಿತು.

ಏಳೂವರೆಗೆ, ಕಸ ಗುಡಿಸುವಾಕೆ ಹೇಳಿದಳು.

ರಾತ್ರಿ ಲಾಡ್ಜಿನಲ್ಲಿ ಯಾರೂ ಚೆನ್ನವೀರನ ಕೂಡ ಮಾತಾಡಲಿಲ್ಲ.
ತಿರುಗಿ ಹೋಗುವುದೆಂತು? ಓಣಿಯೇ ನೆರೆದು,
ಕಾಯಿ ಒಡೆದು, ಹೂವು ಹಾಕಿ ಕಳಿಸಿದೆ.
ಬಸ್ತ್ಯಾಂವ್ ಮಗ್ಗಲು ಬದಲಿಸಿ ಅಂದ:
"ಸಮುದ್ರ ಅಲ್ಲೂ ಐತಿ, ಇಲ್ಲೂ ಐತಿ.
ಉಪ್ಪು ನೆಕ್ಕಿ ಊರ ಹೆಸರು ಹೇಳಾವ್ರು ಯಾರದಾರ?"
ಆ ಮಾತಿಗೆ ಲಾಡ್ಜಿನ ಫ್ಯಾನೂ ಕತ್ತು ಅಲ್ಲಾಡಿಸಿತು.

ಹೀಗೆ ಮರುದಿನ ಬೆಳಗಿನಿಂದ ಮುಂಬಯಿ ಶುರುವಾಯಿತು.
ಕಾಳಿ ಹೊಳೆಯ ಸೇತುವೆ ಮೇಲೆ ನಡೆದು
ಸಮುದ್ರದ ಸೇತುವೆ ನೋಡಿದ್ದಾಯಿತು ಅಂದೆವು.
ಸದಾಶಿವಗಡದ ಗುಡ್ಡದ ಮೇಲಿಂದ ಕಂಡ ಒಂದು ಹಂಚಿನ ಮನೆಯನ್ನು
ಸಿನಿಮಾ ಹೀರೋ ಬಂಗಲೆ ಎಂದು ಠರಾಯಿಸಿ
ಅರ್ಧ ತಾಸು ಕಾದೆವು. ಲುಂಗಿಯುಟ್ಟ ಮುದುಕನೊಬ್ಬ
ಹೊರಬಂದು ಹಲ್ಲುಜ್ಜಿದ. ಅವನಿಗೂ ಕೈ ಬೀಸಿದೆವು.
ದಂಡೆಯ ಮೇಲೆ ನಿಂತ ಯುದ್ಧನೌಕೆ ಹತ್ತಿದಾಗ ಮಾತ್ರ
ಸುಳ್ಳು ಹೇಳುವ ಕೆಲಸವೇ ಬೀಳಲಿಲ್ಲ.
ತೋಪಿನ ಮುಂದೆ ಎದೆ ಸೆಟೆಸಿ ಫೋಟೋ.

ಖಾನಾವಳಿಯಲ್ಲಿ ಮೂವರಿಗೆ ಇಸೋಣದ ತುಂಡು,
ಚೆನ್ನವೀರನಿಗೆ ಬರೇ ಅನ್ನ, ಉಪ್ಪಿನಕಾಯಿ.
ಪಾಪ, ಗುಲಾಬಿ ಬಣ್ಣದ ಸೋಲ್‌ಕಡಿಯನ್ನು
ಮದುವೆಮನೆಯ ಗುಲಾಬಿ ಹಾಲೆಂದು ಒಂದೇ ಗುಟುಕಿಗೆ ಇಳಿಸಿದ.
ಬೆಳ್ಳುಳ್ಳಿ, ಹಸಿಮೆಣಸು ಗಂಟಲಲ್ಲಿ ಭೇಟಿಯಾದವು.
ಹದಿನೇಳು ಐವತ್ತರ ಸಿಟ್ಟು
ಅಲ್ಲಿಗೆ ನಮ್ಮದು ಇಳಿಯಿತು.

ಸಂಜೆ ಮರಳಲ್ಲಿ ಚಪ್ಪಲಿ ಬಿಟ್ಟು ಕೂತೆವು.
ಗೌಸಮೋದ್ದೀನ ಸಮುದ್ರ ಕಂಡದ್ದು ಅದೇ ಮೊದಲು.
ಊರು ಬಿಡುವಾಗ ಕೊರಳಿಂದ ತೆಗೆಯಲು ಮರೆತ ಟೇಪನ್ನು
ಎರಡೂ ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ,
ಈ ಗುಡ್ಡದಿಂದ ಆ ನಡುಗಡ್ಡೆಯವರೆಗೆ ಅಳೆದ.
"ಮೂವತ್ತೆಂಟು ಇಂಚು," ಅಂದ. ತುಸು ತಡೆದು,
"ಅಸ್ತರ ಬೇರೆ."
ಸೂರ್ಯ ಮುಳುಗುವತನಕ ಯಾರ ಬಾಯಲ್ಲೂ
ಮುಂಬಯಿ ಬರಲಿಲ್ಲ.

ಎದ್ದಾಗ ಕತ್ತಲು. ಸಿಕ್ಕ ಚಪ್ಪಲಿ ಮೆಟ್ಟಿದೆವು.
ಚೆನ್ನವೀರ ಎರಡು ಎಡಗಾಲಲ್ಲಿ ಊರಿಗೆ ಬಂದ.

ಮನೆಯಲ್ಲಿ ಕಸ್ತೂರೆವ್ವ ಫೋನು ಹಿಡಿದು
ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿದಳು.
ನಾನು, ಗೌಸ, ತೋಪು, ತೋಪಿನಾಚೆ ಕೆಳಗೊಂದು ಹಸಿರು ಡಬ್ಬಿ:
ಕಾರವಾರ ನಗರಸಭೆ. ಕಸವನ್ನು ಇಲ್ಲಿಯೇ ಹಾಕಿರಿ.
"ಮುಂಬಯ್ಯಾಗ ಕನ್ನಡ ಭಾಳ ಚೊಲೋ ಬರೀತಾರ ನೋಡ್ರಿ,"
ಅಂದು, ರೊಟ್ಟಿ ತಿರುವಿ ಹಾಕಲು ಒಳಗೆ ಹೋದಳು.

ಮೂರು ದಿನ ಅಷ್ಟೇ.
ನಾಲ್ಕನೇ ದಿನ ನಮ್ಮ ಕಟ್ಟೆಯ ಮೇಲೆ
ಮೆಹಬೂಬಿ, ರೆಜಿನಾ, ಚೆನ್ನವೀರನ ಹೆಂಡತಿ ಸಂಗವ್ವ,
ಎಲ್ಲರ ಕೈಯಲ್ಲೂ ಆಧಾರ್ ಕಾರ್ಡು.
"ಎಲ್ಲಿಗೆ ಸವಾರಿ?" ಅಂದೆ.
"ಮುಂಬಯಿಗೆ," ಅಂದಳು ಕಸ್ತೂರೆವ್ವ, ಚೀಲಕ್ಕೆ ಗಂಟು ಹಾಕುತ್ತ.
"ಭಿಶಿ ಗಿಶಿ ಏನೂ ಬ್ಯಾಡ.
ಅಲ್ಲೀತನಾ ನಮಗ ಬಸ್ಸು ಫ್ರೀ ಐತಿ."